ಮದ್ಯವರ್ಜನ ಶಿಬಿರ ಮುಗಿಸಿ ಬಂದವರಿಗೆ ಯಾವ ಓದು, ಯಾವ ಕ್ರಮದಲ್ಲಿ?

ಗ್ರಂಥಾಲಯದ ಕಟ್ಟೆ:
ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ನವಜೀವನ ಸಮಿತಿಯ ಜೊತೆಗೇ ಒಂದು ಓದಿನ ಗುಂಪು ಮಾಡಬೇಕು ಅಂತಿದೆ. ಬರುವವರಲ್ಲಿ ಹೆಚ್ಚಿನವರು ಏಳನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಅವರ ಹೆಂಡತಿಯರೂ ಬರ್ತೀವಿ ಅಂದಿದ್ದಾರೆ. ಎಲ್ಲರಿಗೂ ಒಂದೇ ಪುಸ್ತಕ ನಡೆಯುತ್ತಾ? ಓದು ಬರೀ ಉಪದೇಶ ಆಗದೆ ಕೆಲಸಕ್ಕೆ ಬರಬೇಕಾದರೆ ಹೇಗೆ ನಡೆಸಬೇಕು, ತಿಳಿದವರು ಹೇಳಿ.

ತುಂಗಾತೀರ:
ಪುಸ್ತಕಕ್ಕಿಂತ ಮೊದಲು ಹೊತ್ತಿನ ಮಾತು. ದಿನಾ ಜೋರಾಗಿ ಕುಡಿಯುತ್ತಿದ್ದವರು ತಟ್ಟನೆ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮಣೆ ಆಗಿ ಇಲ್ಲದ್ದು ಕಾಣಿಸುತ್ತದೆ, ಇದರಲ್ಲಿ ಜೀವ ಹೋಗುವುದೂ ಉಂಟು. ಆ ಹಂತಕ್ಕೆ ಬೇಕಾಗಿರುವುದು ಆಸ್ಪತ್ರೆ, ಮಾತ್ರೆ, ಥಯಮಿನ್ (ಬಿ1 ವಿಟಮಿನ್) ಇಂಜೆಕ್ಷನ್. ಗುಂಪಿಗೆ ಬಂದವರಲ್ಲಿ ಯಾರಾದರೂ ಮತ್ತೆ ಕುಡಿತಕ್ಕೆ ಇಳಿದು "ಈ ಸಲ ನಾನೇ ಮನೆಯಲ್ಲಿ ನಿಲ್ಲಿಸ್ತೀನಿ" ಅಂದರೆ ಅವರ ಕೈಗೆ ಪುಸ್ತಕ ಕೊಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅದು ದಾಟಿದ ಮೇಲೂ ಮೊದಲ ಕೆಲವು ವಾರ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಓದಿದ್ದು ನೆನಪಿರುವುದಿಲ್ಲ, ನಿದ್ದೆ ಸರಿ ಇರುವುದಿಲ್ಲ. ಅದನ್ನು ಅಸಡ್ಡೆ ಅಂದುಕೊಳ್ಳಬೇಡಿ. ಒಂದು ಸಲಕ್ಕೆ ಒಂದೇ ಪುಟ, ಹದಿನೈದು ನಿಮಿಷ, ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಓದಲು ಬರದವರಿಗೆ ಮುಜುಗರವೂ ಆಗುವುದಿಲ್ಲ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಗುಂಪು 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾಯಿತು, ಅದೇ ಹೆಸರಿನ ಪುಸ್ತಕ ಬಂದದ್ದು 1939ರಲ್ಲಿ. ಅದರ ಮೊದಲ 164 ಪುಟಗಳೇ ಮುಖ್ಯ, ಮುಂದಿನದ್ದು ಬಿಟ್ಟವರ ಅನುಭವಗಳು. ಹೊಸಬರಿಗೆ ಮೂರನೇ ಅಧ್ಯಾಯದಿಂದ ಶುರುಮಾಡಿ. "ನನ್ನದು ಹಿಡಿತದಲ್ಲೇ ಇದೆ" ಎಂಬ ನಂಬಿಕೆ ಹೇಗೆ ಮೋಸ ಮಾಡುತ್ತದೆ ಅನ್ನುವುದು ಅಲ್ಲಿದೆ. ಆಮೇಲೆ ಐದು, ಆರು. ದೇವರ ಮಾತು ಬಂದಾಗ ಒಪ್ಪದವರ ಜೊತೆ ವಾದ ಬೇಡ, ಮುಂದಿನ ಪುಟಕ್ಕೆ ಹೋಗಿ. ಕನ್ನಡದಲ್ಲಿ ಏನೇನು ಸಿಗುತ್ತದೆ ಎಂದು ಹತ್ತಿರದ ಎಎ ಗುಂಪಿನವರನ್ನೇ ಕೇಳಿ.

ಐದನೇ ಅಧ್ಯಾಯದಲ್ಲಿ ಸಿಟ್ಟಿನ ಪಟ್ಟಿ ಬರುತ್ತದೆ, ಪೆನ್ನು ಬೇಕಾಗುವುದು ಅಲ್ಲಿ. ಯಾರ ಮೇಲೆ ಸಿಟ್ಟು, ಯಾಕೆ, ಅದರಿಂದ ನನ್ನ ಯಾವುದಕ್ಕೆ ಪೆಟ್ಟು ಬಿತ್ತು (ಮಾನ, ದುಡ್ಡು, ಸಂಬಂಧ). ಈ ಮೂರು ತುಂಬಿದ ಮೇಲೆ ಕೊನೆಗೆ, ಇದರಲ್ಲಿ ನನ್ನ ಪಾಲೆಷ್ಟು. ಕೆಡುವುದು ಎರಡನೇ ಕಾಲಂನಲ್ಲಿ. ಅಣ್ಣ ತೋಟ ಪಾಲು ಮಾಡಿದ ಕಥೆ ಎರಡು ಪುಟ ಆಗಿಬಿಡುತ್ತದೆ, ಬರೆಯುತ್ತಾ ಬರೆಯುತ್ತಾ ಸಿಟ್ಟು ಏರಿ ನೇರ ವೈನ್ ಸ್ಟೋರ್‌ಗೆ ದಾರಿ. ಒಂದು ಹೆಸರಿಗೆ ಒಂದೇ ಸಾಲು ಅಂತ ಕಟ್ಟುನಿಟ್ಟು ಮಾಡಿ. ಒಬ್ಬರೇ ರಾತ್ರಿ ಕೂತು ಬರೆಯುವುದು ಬೇಡ, ಹಳಬರೊಬ್ಬರು ಜೊತೆಗಿರಲಿ.

ಬಿಳಿ ಹಾಳೆ:
ತುಂಗಾತೀರ ಅವರು ಹೇಳಿದ ಪಟ್ಟಿ ಒಳ್ಳೆಯದೇ, ಆದರೆ ಶಿಬಿರದಿಂದ ಈಗಷ್ಟೇ ಬಂದವರಿಗೆ ಅದು ಭಾರ. ನಾನಾದರೆ ಸ್ಮಾರ್ಟ್ ರಿಕವರಿಯವರ ನಾಲ್ಕು ಚೌಕದಿಂದ ಶುರುಮಾಡಿಸುತ್ತೇನೆ. ಅದು 1994ರಿಂದ ನಡೆಯುತ್ತಿರುವ ಗುಂಪು, ದೇವರ ವಿಷಯ ಇಲ್ಲ. ಹಾಳೆಯನ್ನು ನಾಲ್ಕು ಭಾಗ ಮಾಡಿ: ಕುಡಿದರೆ ಏನು ಲಾಭ, ಕುಡಿದರೆ ಏನು ನಷ್ಟ, ಬಿಟ್ಟರೆ ಏನು ಲಾಭ, ಬಿಟ್ಟರೆ ಏನು ನಷ್ಟ. ಪ್ರತಿ ಸಾಲಿನ ಪಕ್ಕ ಅದು ಈ ಹೊತ್ತಿನದೋ ಬಹುಕಾಲದ್ದೋ ಎಂದು ಗುರುತು ಹಾಕಲಿ.

ಮೊದಲನೇ ಚೌಕವನ್ನು ಎಲ್ಲರೂ ಖಾಲಿ ಬಿಡುತ್ತಾರೆ. ಲಾಭ ಇದೆ ಅಂತ ಬರೆದರೆ ನಾಚಿಕೆಗೇಡು ಅನ್ನಿಸುತ್ತದೆ. ಅದನ್ನೇ ಪಟ್ಟು ಹಿಡಿದು ತುಂಬಿಸಿ. ಮೂಟೆ ಹೊತ್ತ ಮೈಕೈ ನೋವು ಇಳಿಯುತ್ತದೆ, ನಿದ್ದೆ ಬರುತ್ತದೆ, ನಾಲ್ಕು ಜನರ ಜೊತೆ ಮಾತು ಸಿಗುತ್ತದೆ. ಇಷ್ಟು ಬಾಯಿಬಿಟ್ಟರೆ ತಾನೇ ನೋವಿಗೆ, ನಿದ್ದೆಗೆ, ಸಂಜೆ ಹೊತ್ತಿಗೆ ಬೇರೆ ಏನು ಎಂದು ಯೋಚಿಸಲು ಆಗುವುದು? ಈ ಮೂರನ್ನು ತುಂಬದೆ ಬಿಟ್ಟರೆ ಸಂತೆ ದಿನವೋ ಬಟವಾಡೆ ದಿನವೋ ಹಳೇ ಜಾಗಕ್ಕೇ ಕಾಲು ಎಳೆಯುತ್ತದೆ.

ಎರಡನೆಯದು, ಕುಡಿಯಬೇಕು ಅನ್ನಿಸುವ ಸೆಳೆತದ ಟಿಪ್ಪಣಿ. ಗಂಟೆ, ಜಾಗ, ಜೊತೆಗಿದ್ದವರು, ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಜೋರು, ಎಷ್ಟು ಹೊತ್ತು ಇತ್ತು, ಆಗ ಏನು ಮಾಡಿದರು. ಸಾಮಾನ್ಯವಾಗಿ ಸೆಳೆತ ಏರಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ತಾವೇ ಬರೆದಿಟ್ಟ ಗಂಟೆ ನೋಡಿದರೆ ನಂಬುತ್ತಾರೆ. ಎರಡು ವಾರದ ಟಿಪ್ಪಣಿ ಸೇರಿದರೆ ಯಾವ ದಾರಿ, ಯಾವ ಹೊತ್ತು ಅಪಾಯ ಅನ್ನುವುದು ತಾನಾಗಿ ಕಾಣುತ್ತದೆ.

ಮನಶ್ಶಾಸ್ತ್ರಜ್ಞರಾದ ಮಾರ್ಲಟ್ ಮತ್ತು ಗಾರ್ಡನ್ 1985ರಲ್ಲಿ ಮರುಕಳಿಕೆ (ಬಿಟ್ಟವರು ಮತ್ತೆ ಕುಡಿತಕ್ಕೆ ಇಳಿಯುವುದು) ಬಗ್ಗೆ ಬರೆದ ಒಂದು ವಿಷಯ ನಿಮ್ಮ ಗುಂಪಿಗೆ ಬೇಕೇ ಬೇಕು. ಒಂದು ಗುಟುಕಿಗಿಂತ ಹೆಚ್ಚು ಕೆಡಿಸುವುದು ಅದಾದ ಮೇಲೆ ಬರುವ "ಹೇಗೂ ಕೆಟ್ಟಾಯ್ತು, ಇನ್ನೇನು" ಎಂಬ ಯೋಚನೆ. ಶಿಬಿರದಲ್ಲಿ ಎಲ್ಲರೆದುರು ಪ್ರಮಾಣ ಮಾಡಿದವರಿಗೆ ಈ ನಾಚಿಕೆ ಇನ್ನೂ ಜಾಸ್ತಿ. ಅದಕ್ಕೇ ಜೇಬಿಗೊಂದು ಚೀಟಿ ಮೊದಲೇ ಬರೆದಿಡಿ: ಲೋಟ ಕೆಳಗಿಡು, ಜಾಗ ಬಿಡು, ಈ ಇಬ್ಬರಿಗೆ ಫೋನ್ ಮಾಡು, ನಾಳೆ ಸಭೆಗೆ ಬಾ. ಬಂದವರನ್ನು ಯಾರೂ ಬೈಯಬಾರದು ಅನ್ನುವ ನಿಯಮವನ್ನು ಗುಂಪು ಮೊದಲ ದಿನವೇ ಒಪ್ಪಬೇಕು.

ಹೊಸಿಲು:
ಹೆಂಡತಿಯರಿಗೆ ಬೇರೆ ಓದು, ಬೇರೆ ಹೊತ್ತು. ಒಂದೇ ಕೋಣೆಯಲ್ಲಿ ಕೂರಿಸಿದರೆ ಅವರು ಗಂಡನ ಪಟ್ಟಿ ತಿದ್ದುತ್ತಾರೆ, ತಮ್ಮದನ್ನು ಬರೆಯುವುದಿಲ್ಲ. ಎಎ ಪುಸ್ತಕದ ಎಂಟನೇ ಅಧ್ಯಾಯ ಹೆಂಡತಿಯರಿಗಾಗಿಯೇ ಇದ್ದರೂ ಅದನ್ನು ಬರೆದವರು ಎಎ ಕಟ್ಟಿದವರಲ್ಲಿ ಒಬ್ಬರಾದ ಬಿಲ್ ವಿಲ್ಸನ್, ಅವರ ಹೆಂಡತಿ ಲೋಯಿಸ್ ಅಲ್ಲ. ತಾಳ್ಮೆಯ ಪಾಠವೇ ಹೆಚ್ಚು. ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಇನ್ನೊಮ್ಮೆ ಹೇಳುವುದು ಬೇಡ. ಮನೆಯವರಿಗಾಗಿ ಲೋಯಿಸ್ ವಿಲ್ಸನ್ ಮುಂತಾದವರು 1951ರಲ್ಲಿ ಅಲ್-ಅನಾನ್ ಕಟ್ಟಿದರು, ಅಲ್ಲಿಂದ ಶುರುಮಾಡಿ. ಅವನ ಕುಡಿತಕ್ಕೆ ನಾನು ಕಾರಣ ಅಲ್ಲ, ಅದು ನನ್ನ ಹಿಡಿತದಲ್ಲಿಲ್ಲ, ಅದನ್ನು ವಾಸಿ ಮಾಡುವುದು ನನ್ನಿಂದ ಆಗದು. ಈ ಮೂರು ಮಾತಿನ ಮೇಲೆ ಒಂದು ಇಡೀ ವಾರ ಮಾತಾಡಿಸಿ.

ಮಾಡಲು ಏನಾದರೂ ಬೇಕು ಅನ್ನುವವರಿಗೆ ಕುಡಿಯುವವರ ಮನೆಯವರಿಗೆ ಕಲಿಸುವ ಕ್ರಾಫ್ಟ್ (CRAFT) ಪದ್ಧತಿ ಇದೆ, ಮನಶ್ಶಾಸ್ತ್ರಜ್ಞ ರಾಬರ್ಟ್ ಮೇಯರ್ಸ್ ರೂಪಿಸಿದ್ದು. ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಊಟ, ಮಾತು. ಕುಡಿದು ಬಂದ ರಾತ್ರಿ ಜಗಳವೂ ಇಲ್ಲ, ಉಪಚಾರವೂ ಇಲ್ಲ. ಕೆಲಸಕ್ಕೆ ಹೋಗದಿದ್ದರೆ ಮೇಸ್ತ್ರಿಗೆ "ಜ್ವರ" ಅಂತ ಸುಳ್ಳು ಹೇಳುವುದು ಬೇಡ, ಬಾರ್ ಸಾಲ ಸಂಘದ ದುಡ್ಡಿನಿಂದ ತೀರಿಸುವುದು ಬೇಡ. ಹೊಡೆಯುವವನ ಮನೆಯಲ್ಲಿ ಮಾತ್ರ ಇದನ್ನು ಪ್ರಯೋಗ ಮಾಡಿಸಬೇಡಿ. ಅಲ್ಲಿ ಮೊದಲು ಎಲ್ಲಿಗೆ ಹೋಗುವುದು, ಆಧಾರ್, ಪಾಸ್‌ಬುಕ್ ಎಲ್ಲಿಡುವುದು ಎಂಬ ಮಾತು. 181 (ಮಹಿಳಾ ಸಹಾಯವಾಣಿ) ಮತ್ತು 112 (ತುರ್ತು ಕರೆ) ಗೋಡೆ ಮೇಲೆ ಇರಲಿ.

ಇನ್ನೊಂದು ಕಡ್ಡಾಯವಾಗಿ ಹೇಳಿ: ಸಾರಿನಲ್ಲಿ ಗುಟ್ಟಾಗಿ ಬೆರೆಸುವ "ಕುಡಿತ ಬಿಡಿಸುವ ಪುಡಿ", ಮಾತ್ರೆ ಬೇಡ. ಅದು ಡೈಸಲ್ಫಿರಾಮ್ (ಹೆಂಡ ಮೈಗೆ ಒಗ್ಗದಂತೆ ಮಾಡುವ ಔಷಧ) ಆಗಿದ್ದರೆ, ತಿಳಿಯದೆ ಅವನು ಕುಡಿದಾಗ ವಾಂತಿ, ಎದೆಬಡಿತ, ಬಿಪಿ ಕುಸಿತ, ಪ್ರಾಣಾಪಾಯ. ಕೊನೆಯ ಮಾತ್ರೆಯಾಗಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಡಾಕ್ಟರು ಅದನ್ನು ಕೊಡುವುದು ಅವನು ಒಪ್ಪಿದ ಮೇಲೆ, ಕುಡಿದು ಕನಿಷ್ಠ 12 ಗಂಟೆ ಕಳೆದ ಮೇಲೆ.

ಗ್ರಂಥಾಲಯದ ಕಟ್ಟೆ:
ತುಂಬಾ ಉಪಕಾರ ಆಯಿತು. ಎರಡು ಅನುಮಾನ. ಹೊಡೆತ ತಿಂದವರು ಆ "ನನ್ನ ಪಾಲು" ಕಾಲಂನಲ್ಲಿ ಏನು ಬರೆಯಬೇಕು? ಮತ್ತೆ, ನಮ್ಮದು ಚಿಕ್ಕ ಊರು. ಬರೆದಿಟ್ಟದ್ದು ಯಾರ ಕೈಗಾದರೂ ಸಿಕ್ಕರೆ?

ಹೊಸಿಲು:
ಏನೂ ಬರೆಯಬೇಕಿಲ್ಲ. ಹೊಡೆಸಿಕೊಂಡದ್ದರಲ್ಲಿ, ಚಿಕ್ಕಂದಿನಲ್ಲಿ ಅನುಭವಿಸಿದ ದೌರ್ಜನ್ಯದಲ್ಲಿ ಅವರ ಪಾಲು ಇಲ್ಲ. ಆ ಸಾಲಿನಲ್ಲಿ ಕಾಲಂ ಖಾಲಿ ಇರಲಿ, ಗುಂಪಿನಲ್ಲಿ ಓದಿಸುವುದೂ ಬೇಡ. ಬರೆಯುವಾಗ ನಡುಗಿದರೆ, ಸಾಯುವ ಮಾತಾಡಿದರೆ ಅಲ್ಲೇ ನಿಲ್ಲಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಜೊತೆಯಲ್ಲೇ ಕೂತು ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದಿನದ 24 ಗಂಟೆಯೂ.

ಬಿಳಿ ಹಾಳೆ:
ನೋಟ್‌ಬುಕ್ ಬೇಡ, ಬಿಡಿ ಹಾಳೆ ಕೊಡಿ. ಹೆಸರಿನ ಬದಲು ಮೊದಲ ಅಕ್ಷರ, ಜಾಗಕ್ಕೆ ಅವರೇ ಇಟ್ಟುಕೊಂಡ ಗುರುತು. ಸೆಳೆತದ ಟಿಪ್ಪಣಿಯಲ್ಲಿ ಗಂಟೆ ಮತ್ತು ಅಂಕಿ ಮಾತ್ರ ಇದ್ದರೆ ಹಾಲಿನ ಲೆಕ್ಕದ ಚೀಟಿ ಥರ ಕಾಣುತ್ತದೆ. ಸಿಟ್ಟಿನ ಪಟ್ಟಿಯನ್ನು ಹಳಬರ ಎದುರು ಓದಿದ ದಿನವೇ ಅಲ್ಲೇ ಸುಟ್ಟುಬಿಡಬಹುದು. ಸಾಲದ ಪಟ್ಟಿ ಮಾತ್ರ ಇರಲಿ, ಯಾರಿಗೆ ಎಷ್ಟು, ತಿಂಗಳಿಗೆ ಎಷ್ಟು ಕೊಡಲು ಆಗುತ್ತದೆ ಎಂದು. ಎಎಯ ಒಂಬತ್ತನೇ ಹೆಜ್ಜೆಗೆ (ತನ್ನಿಂದ ನಷ್ಟವಾದವರಿಗೆ ಅದನ್ನು ಸರಿಪಡಿಸುವುದು) ಅದು ಬೇಕಾಗುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಬೇಡಿ, ತಲೆ ಎಣಿಸಿ ಸಂಖ್ಯೆ ಬರೆದರೆ ಸಾಕು.