ಅಪ್‌ಡೇಟ್: ಜಬೋಟಿಕಾಬ ಎಲೆ ಹಳದಿಯಾಗಿದ್ದು ಮಣ್ಣಿನ ಸುಣ್ಣದಿಂದ

ಮಂಡ್ಯದ ನಮ್ಮ ಮನೆ ತಾರಸಿಯ ಡ್ರಮ್ಮಿನಲ್ಲಿರುವ ಜಬೋಟಿಕಾಬ ಎಂಬ ಹಣ್ಣಿನ ಗಿಡದ ಚಿಗುರೆಲೆ ಹಳದಿ, ನರ ಮಾತ್ರ ಹಸಿರು, ಏನು ಮಾಡಲಿ ಅಂತ ಬೇಸಿಗೆಯಲ್ಲಿ ಕೇಳಿದ್ದೆ. ಗೊಬ್ಬರ ಹೆಚ್ಚಿಸಿ ಅಂದವರೇ ಜಾಸ್ತಿ. ಒಬ್ಬರು ಮಾತ್ರ ಮಣ್ಣಿಗೆ ವಿನೆಗರ್ ಹಾಕಿ ನೋಡಿ ಅಂದಿದ್ದರು. ಹಾಕಿದೆ, ಬುಸ್ಸನೆ ನೊರೆ ಬಂತು! ಅಂದರೆ ಮಣ್ಣಿನಲ್ಲಿ ಸುಣ್ಣ ಇದೆ ಅಂತ. ಮನೆ ಕಟ್ಟಿದಾಗ ಉಳಿದ ಗಾರೆ, ಸಿಮೆಂಟ್ ಚೂರು ಬೆರೆತ ಮಣ್ಣನ್ನೇ ತುಂಬಿಬಿಟ್ಟಿದ್ದೆವು. ಸಾಲದ್ದಕ್ಕೆ ದಿನಾ ಬೋರ್‌ವೆಲ್ಲಿನ ಗಡಸು ನೀರು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ, ಸುಣ್ಣದಿಂದ ಪಿಎಚ್ (ಹುಳಿ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಹುಳಿ) ಏರಿದರೆ ಬೇರಿಗೆ ಅದು ದಕ್ಕುವುದಿಲ್ಲ, ಚಿಗುರೆಲೆ ಹಳದಿಯಾಗುತ್ತದೆ. ಈ ಬ್ರೆಜಿಲ್ ಗಿಡಕ್ಕೆ ಹಿಡಿಸುವುದು ತುಸು ಹುಳಿ ಮಣ್ಣು, ಪಿಎಚ್ 5.5ರಿಂದ 6.5.

ಜೂನ್‌ನಲ್ಲಿ ಮಣ್ಣು ಬದಲಿಸಿದೆ. ಕೆಮ್ಮಣ್ಣು, ಎಲೆಗೊಬ್ಬರ, ಕೋಕೋಪೀಟ್, ಸ್ವಲ್ಪ ಗಂಧಕದ ಪುಡಿ. ಗಂಧಕವನ್ನು ಆಮ್ಲವಾಗಿಸುವುದು ಮಣ್ಣಿನ ಬ್ಯಾಕ್ಟೀರಿಯಾ, ಅದಕ್ಕೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಚಿಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಎಲೆಗೆ ಸಿಂಪಡಿಸಿದೆ. ಕುಡಿಸುವುದು ಹಿಡಿದಿಟ್ಟ ಮಳೆನೀರು ಮಾತ್ರ.

ಹಳೆಯ ಎಲೆಗಳು ಪೂರ್ತಿ ಸುಧಾರಿಸಲಿಲ್ಲ. ಆದರೆ ಹೊಸ ಚಿಗುರು ತಾಮ್ರದ ಬಣ್ಣದಲ್ಲಿ ಬಂದು ಒಳ್ಳೇ ಹಸಿರಿಗೆ ತಿರುಗಿದೆ. ನೋಡಿ ಕಣ್ತುಂಬಿ ಬಂತು. ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡುವ ಆ ಕಪ್ಪು ಹಣ್ಣಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ವಿನೆಗರ್ ಹಾಕಲು ಹೇಳಿದವರಿಗೆ ಮೊದಲ ಬೊಗಸೆ ನಿಮ್ಮದೇ.