ಗ್ಯಾನೆಟ್ ಧುಮುಕುತ್ತೆ, ಪೆಂಗ್ವಿನ್ ಬೆನ್ನಟ್ಟುತ್ತೆ: ನೀರೊಳಗೆ ಮೀನು ಹಿಡಿಯೋದು ಹೇಗೆ?

ಕಡಲಂಚು:

ಕಡಲಹಕ್ಕಿಗಳ ಬೇಟೆ ಬಗ್ಗೆ ಒಂದು ಚಿಕ್ಕ ವಿಡಿಯೊಗೆ ಕನ್ನಡ ನಿರೂಪಣೆ ಬರೀತಾ ಇದ್ದೇನೆ. ದೃಶ್ಯಗಳು ಚೆನ್ನಾಗಿವೆ, ವಿವರಣೆ ಮಾತ್ರ ಗಟ್ಟಿಯಿಲ್ಲ. ನೆಟ್ಟಲ್ಲಿ ಸಿಗೋದೆಲ್ಲ "ಅದ್ಭುತ", "ರೋಮಾಂಚಕ" ಅನ್ನೋದರಲ್ಲೇ ಮುಗಿಯುತ್ತೆ. ತಿಳಿದವರು ಮೂರು ವಿಷಯ ಬಿಡಿಸಿ ಹೇಳಿದರೆ ಉಪಕಾರ.

ಗ್ಯಾನೆಟ್ (ಮೇಲಿಂದ ಧುಮುಕಿ ಮೀನು ಹಿಡಿಯುವ ದೊಡ್ಡ ಕಡಲಹಕ್ಕಿ) ಅಷ್ಟು ಎತ್ತರದಿಂದ ತಲೆಕೆಳಗಾಗಿ ನೀರಿಗೆ ಬಿದ್ದರೂ ಅದರ ಕತ್ತು ಉಳಿಯೋದು ಹೇಗೆ? ಕೊಕ್ಕಿನಿಂದ ಮೀನನ್ನು ಚುಚ್ಚಿ ಹಿಡಿಯುತ್ತೆ ಅಂತ ಬರೆದಿದ್ದೇನೆ, ಸರೀನಾ? ಎರಡನೇದು, ಪುಕ್ಕದ ತುಂಬ ಗಾಳಿ ಇಟ್ಟುಕೊಂಡ ಹಕ್ಕಿ ತೇಲಬೇಕಲ್ಲ, ನೂರಾರು ಮೀಟರ್ ಆಳಕ್ಕೆ ಇಳಿಯೋದು ಹೇಗೆ? ಕೊನೇದು, ನಾವು ನೀರೊಳಗೆ ಕಣ್ಣು ಬಿಟ್ಟರೆ ಎಲ್ಲ ಮಸುಕು. ಅವಕ್ಕೆ ಯಾಕೆ ಹಾಗಾಗಲ್ಲ?

ರೆಕ್ಕೆಪುಕ್ಕ:

ಮೊದಲು "ಚುಚ್ಚಿ" ಅನ್ನೋದನ್ನ ಅಳಿಸಿಬಿಡಿ. ಕೊಕ್ಕಿನ ತುದಿಯಿಂದ ಮೀನನ್ನು ತಿವಿಯೋದು ಹಾವಕ್ಕಿ, ಅದು ಹೆಚ್ಚಾಗಿ ಸಿಹಿನೀರಿನ ಹಕ್ಕಿ. ಗ್ಯಾನೆಟ್ ಬಾಯಿ ತೆರೆದು ಕಚ್ಚಿ ಹಿಡಿಯುತ್ತೆ. ಕೊಕ್ಕಿನ ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಕಚ್ಚುಗಳಿವೆ, ಲೋಳೆ ಮೈಯ ಮೀನು ಜಾರದಂತೆ. ಎಷ್ಟೋ ಸಲ ನೀರೊಳಗೇ ನುಂಗಿಯೂ ಆಗಿರುತ್ತೆ. ಮೇಲೆ ಬಂದಾಗ ಕೊಕ್ಕು ಖಾಲಿ ಕಂಡ ಮಾತ್ರಕ್ಕೆ "ಗುರಿ ತಪ್ಪಿತು" ಅಂತ ನಿರೂಪಣೆಯಲ್ಲಿ ಹೇಳಬೇಡಿ.

ವೇಗದ ಲೆಕ್ಕ ನೀವೇ ಹಾಕಬಹುದು. 10 ಮೀಟರ್ ಮೇಲಿಂದ ಬಿದ್ದರೆ ನೀರು ತಾಕುವಾಗ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿ.ಮೀ. 30 ಮೀಟರ್ ಮೇಲಿಂದಾದರೆ ಸೆಕೆಂಡಿಗೆ 24 ಮೀಟರ್, ಗಂಟೆಗೆ 85ರ ಆಸುಪಾಸು. ಹಕ್ಕಿಯ ತೂಕ ಸುಮಾರು 3 ಕೆಜಿ. 30 ಮೀಟರ್ ಬೀಳೋಕೆ ಎರಡೂವರೆ ಸೆಕೆಂಡ್ ಬೇಕು. ಈ ಎರಡೂವರೆ ಸೆಕೆಂಡನ್ನೇ ನಿಧಾನಗತಿಯಲ್ಲಿ ತೋರಿಸಿ, ಎಲ್ಲ ಅಲ್ಲೇ ಇದೆ.

ಮೊದಲರ್ಧದಲ್ಲಿ ರೆಕ್ಕೆ ಅರ್ಧ ಮಡಚಿರುತ್ತೆ. ಮೀನು ಸರಿದ ಹಾಗೆ ರೆಕ್ಕೆ, ಬಾಲ ಆಡಿಸುತ್ತಾ ದಿಕ್ಕು ತಿದ್ದಿಕೊಳ್ಳುತ್ತೆ. ನೀರು ಇನ್ನೇನು ತಾಕಿತು ಅನ್ನುವಾಗ ಎರಡೂ ರೆಕ್ಕೆಗಳನ್ನು ಪೂರ್ತಿ ಹಿಂದಕ್ಕೆ ಚಾಚಿ ಮೈಗೆ ಒತ್ತಿಕೊಳ್ಳುತ್ತೆ, ತುದಿಗಳು ಬಾಲದಿಂದಾಚೆ ಹೋಗುತ್ತವೆ. ಇದು ಬೇಗ ಆದರೆ ಮೀನು ಸರಿದಾಗ ತಿದ್ದಿಕೊಳ್ಳೋಕೆ ರೆಕ್ಕೆ ಇರಲ್ಲ. ತಡವಾದರೆ ರೆಕ್ಕೆಯ ಮೂಳೆ ಉಳಿಯಲ್ಲ. ಈ ಕ್ಷಣವನ್ನು ಅದು ಎತ್ತರ ಅಳೆದು ಆರಿಸಿಕೊಳ್ಳೋದಿಲ್ಲ, ನೀರಿನ ಮೇಲ್ಮೈ ಕಣ್ಣಲ್ಲಿ ಎಷ್ಟು ಬೇಗ ಹಿಗ್ಗುತ್ತಿದೆ ಅನ್ನೋದರಿಂದ "ಇನ್ನೆಷ್ಟು ಹೊತ್ತಿದೆ" ಅಂತ ತಿಳಿಯುತ್ತೆ ಅನ್ನೋ ವಾದವನ್ನು 1981ರ ಒಂದು ಅಧ್ಯಯನ ಮುಂದಿಟ್ಟಿತು.

ಕತ್ತಿನ ವಿಷಯ. ಕೊಕ್ಕು, ತಲೆ, ಕತ್ತು ಮೂರೂ ಸೇರಿ ಎಲ್ಲೂ ಮೆಟ್ಟಿಲಿಲ್ಲದ ಒಂದೇ ಶಂಕು. ನೀರಿನ ಹೊಡೆತ ಒಮ್ಮೆಲೇ ಬೀಳದೆ ಹಂತಹಂತವಾಗಿ ಏರುತ್ತೆ. ಅಪಾಯ ಇರೋದು ಪೆಟ್ಟಿಗಿಂತ ಬಳುಕುವಿಕೆಯಲ್ಲಿ: ತಲೆ ನೀರೊಳಗೆ ನಿಧಾನವಾದಾಗ ಹಿಂದಿನ ಮೈ ಇನ್ನೂ ವೇಗದಲ್ಲೇ ನೂಕುತ್ತಿರುತ್ತೆ, ಸಣಕಲು ಕತ್ತು ಮಧ್ಯೆ ಸಿಕ್ಕಿಕೊಳ್ಳುತ್ತೆ. ಕತ್ತಿನ ಸ್ನಾಯುಗಳನ್ನು ಬಿಗಿಹಿಡಿದು ಅದನ್ನು ನೆಟ್ಟಗೆ ಇಟ್ಟುಕೊಳ್ಳೋದರಿಂದ ಬಚಾವು. 2016ರಲ್ಲಿ ಮಾದರಿಗಳ ಮೇಲೆ ಮಾಡಿದ ಪ್ರಯೋಗ, ಗ್ಯಾನೆಟ್ ಧುಮುಕುವ ವೇಗಗಳಲ್ಲಿ ಅದರ ಕತ್ತು ಬಳುಕಲ್ಲ ಅಂತ ತೋರಿಸಿತು. ಜೊತೆಗೆ ಕತ್ತು ಮತ್ತು ಎದೆಯ ಚರ್ಮದಡಿ ಗಾಳಿಚೀಲಗಳಿವೆ. ಕೊಕ್ಕಿನ ಮೇಲೆ ಹೊರಮೂಗಿನ ತೂತುಗಳೇ ಇಲ್ಲ, ಬಾಯಿಯ ಮೂಲೆಯಿಂದ ಉಸಿರಾಟ. ಹಾಗಾಗಿ ನೀರು ನುಗ್ಗೋ ಪ್ರಶ್ನೆ ಬರಲ್ಲ.

ಬಿದ್ದ ಬಿರುಸು ಕೆಲವೇ ಮೀಟರ್ ಆಳಕ್ಕೆ ಸಾಕು. ಅಲ್ಲಿಂದ ಮುಂದೆ ರೆಕ್ಕೆ ಅರ್ಧ ಬಿಚ್ಚಿ ಬಡಿಯುತ್ತಾ ಈಜುತ್ತೆ, 20 ಮೀಟರ್ ದಾಟಿದ್ದೂ ದಾಖಲಾಗಿದೆ. ಇದು ಬಹಳ ವಿಡಿಯೊಗಳಲ್ಲಿ ಬಿಟ್ಟುಹೋಗೋ ಭಾಗ. ಗ್ಯಾನೆಟ್ ಬರೀ ಬೀಳೋ ಹಕ್ಕಿಯಲ್ಲ.

ಆಳನೀರು:

ಎರಡನೇ ಪ್ರಶ್ನೆಗೆ. ಹಕ್ಕಿಯನ್ನು ಮೇಲಕ್ಕೆ ತಳ್ಳೋದು ಅದರೊಳಗಿನ ಗಾಳಿ: ಪುಕ್ಕದ ಸಂದಿ, ಶ್ವಾಸಕೋಶ, ಗಾಳಿಚೀಲ. ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತೆ. 10 ಮೀಟರಲ್ಲಿ ಆ ಗಾಳಿಯ ಗಾತ್ರ ಅರ್ಧ, 30 ಮೀಟರಲ್ಲಿ ಕಾಲು ಭಾಗ. ಅಂದರೆ ಕಷ್ಟವೆಲ್ಲ ಮೊದಲ ಹತ್ತು ಮೀಟರಲ್ಲಿದೆ, ಆಳಕ್ಕೆ ಹೋದಷ್ಟೂ ತೇಲುವಿಕೆ ಕಾಟ ಕೊಡೋದು ಕಡಿಮೆ. ಗ್ಯಾನೆಟ್‌ಗೆ ಈ ದುಬಾರಿ ಮೊದಲ ಭಾಗವನ್ನು ಗುರುತ್ವವೇ ದಾಟಿಸಿಕೊಡುತ್ತೆ. ಮೇಲ್ಮೈಯಿಂದ ಮುಳುಗೋ ಗಿಲ್ಲೆಮಾಟ್ (ಹಾರಲೂ ಬರುವ ಒಂದು ಕಡಲಹಕ್ಕಿ), ಪೆಂಗ್ವಿನ್‌ಗಳು ಅದನ್ನು ಸ್ನಾಯುಬಲದಿಂದಲೇ ದಾಟಬೇಕು. ಅವು ಕಡಿದಾದ ಕೋನದಲ್ಲಿ, ಶುರುವಲ್ಲಿ ಜೋರಾಗಿ ಬಡಿದು, ಆಮೇಲೆ ಬಡಿತ ಇಳಿಸೋದು ಇದೇ ಕಾರಣಕ್ಕೆ.

ಈಗ ಎಲ್ಲ ಹಕ್ಕಿಗಳೂ ಸಿಕ್ಕಿಕೊಳ್ಳೋ ಇಕ್ಕಟ್ಟು. ಹಾರೋಕೆ ದೊಡ್ಡ ರೆಕ್ಕೆ ಬೇಕು. ನೀರಲ್ಲಿ ಅದೇ ದೊಡ್ಡ ರೆಕ್ಕೆ ಎಳೆತ ತರುತ್ತೆ. ಬ್ರೂನಿಕ್ ಗಿಲ್ಲೆಮಾಟ್ ಒಂದು ಕೆಜಿ ತೂಗುತ್ತೆ, 210 ಮೀಟರ್ ಆಳ ಮುಟ್ಟಿದ ದಾಖಲೆಯಿದೆ, ಹಾರಲೂ ಬರುತ್ತೆ. ಆದರೆ 2013ರಲ್ಲಿ ಅಳೆದಾಗ ಹಾರಾಟಕ್ಕೆ ಅದರ ವಿಶ್ರಾಂತ ಸ್ಥಿತಿಯ 31 ಪಟ್ಟು ಶಕ್ತಿ ಖರ್ಚಾಗುತ್ತಿತ್ತು. ರೆಕ್ಕೆ ಇನ್ನಷ್ಟು ಕುಗ್ಗಿದರೆ ಹಾರೋದೇ ಆಗಲ್ಲ. ಆ ಗೆರೆ ದಾಟಿದವು ಪೆಂಗ್ವಿನ್‌ಗಳು. ಉತ್ತರ ಅಟ್ಲಾಂಟಿಕ್‌ನಲ್ಲಿ ಗ್ರೇಟ್ ಆಕ್ ಅನ್ನೋ ಹಾರದ ಕಡಲಹಕ್ಕಿ ಕೂಡ ದಾಟಿತ್ತು, ಅದರ ಕೊನೆಯ ಜೋಡಿಯನ್ನು 1844ರಲ್ಲಿ ಐಸ್‌ಲ್ಯಾಂಡಿನ ಎಲ್ಡೇ ದ್ವೀಪದಲ್ಲಿ ಕೊಂದರು.

ಹಾರಾಟದ ಹಂಗು ಹರಿದ ಮೇಲೆ ಪೆಂಗ್ವಿನ್‌ಗೆ ಸಿಕ್ಕ ಲಾಭ ದೊಡ್ಡದು. ಮೂಳೆ ಟೊಳ್ಳಾಗಿರಬೇಕಿಲ್ಲ, ಗಟ್ಟಿಯಾಗಿ ಭಾರವಾಗಿದೆ. ರೆಕ್ಕೆಯ ಕೀಲುಗಳು ಬಿಗಿದು ಅದು ಹಲಗೆಯಂತಾಗಿದೆ, ಕೆಳಗೆ ಬಡಿದಾಗಲೂ ಮೇಲೆತ್ತಿದಾಗಲೂ ಮುಂದಕ್ಕೆ ನೂಕುತ್ತೆ. ಎಂಪರರ್ ಪೆಂಗ್ವಿನ್‌ನ ದಾಖಲೆ 564 ಮೀಟರ್ ಆಳ, ಬೇರೊಂದು ಮುಳುಗಿನಲ್ಲಿ 32 ನಿಮಿಷ. ಇವು ತುತ್ತತುದಿಯ ಸಂಖ್ಯೆಗಳು, ದಿನನಿತ್ಯದ ಬೇಟೆ ಅಂತ ಹೇಳಬೇಡಿ. ಐದಾರು ನಿಮಿಷ ಮೀರಿದರೆ ರಕ್ತದಲ್ಲಿ ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ಸ್ನಾಯುಗಳಲ್ಲಿ ಕೂಡಿಕೊಳ್ಳೋ ವಸ್ತು) ಏರತೊಡಗುತ್ತೆ, ಮೇಲೆ ಬಂದು ಹೆಚ್ಚು ಹೊತ್ತು ಸುಧಾರಿಸಿಕೊಳ್ಳಬೇಕಾಗುತ್ತೆ.

ಉಸಿರಿನದ್ದೂ ಒಂದು ಲೆಕ್ಕಾಚಾರ ಇದೆ. ಹೆಚ್ಚು ಗಾಳಿ ಎಳೆದುಕೊಂಡರೆ ಆಮ್ಲಜನಕ ಹೆಚ್ಚು, ಆದರೆ ತೇಲುವಿಕೆಯೂ ಹೆಚ್ಚು. ಕಿಂಗ್ ಮತ್ತು ಅಡೆಲಿ ಪೆಂಗ್ವಿನ್‌ಗಳು ಆಳಕ್ಕೆ ಹೋಗೋದಿದ್ದರೆ ಹೆಚ್ಚು, ಮೇಲುಮೇಲೆ ತಿರುಗೋದಿದ್ದರೆ ಕಡಿಮೆ ಗಾಳಿ ತುಂಬಿಕೊಂಡು ಹೊರಡುತ್ತವೆ. ಎಷ್ಟು ಆಳಕ್ಕೆ ಅನ್ನೋದು ಮುಳುಗುವ ಮೊದಲೇ ತೀರ್ಮಾನವಾಗಿರುತ್ತೆ ಅಂತಾಯಿತು. ಆಮ್ಲಜನಕದ ಇನ್ನೊಂದು ಉಗ್ರಾಣ ಸ್ನಾಯುಗಳಲ್ಲಿರುವ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್, ಅವುಗಳ ಮಾಂಸ ಅಷ್ಟು ಕಡುಗೆಂಪಾಗಿರೋದು ಅದರಿಂದಲೇ. ಮುಳುಗಿದಾಗ ಹೃದಯದ ಬಡಿತವೂ ಇಳಿಯುತ್ತೆ. ವಾಪಸು ಬರುವಾಗ ಕೊನೆಯ ಭಾಗದಲ್ಲಿ ರೆಕ್ಕೆ ಬಡಿಯೋದೇ ಬೇಡ, ಒಳಗಿನ ಗಾಳಿ ಮತ್ತೆ ಹಿಗ್ಗಿ ಮೇಲಕ್ಕೆ ಒಯ್ಯುತ್ತೆ.

ಬೇಟೆಯ ದೃಶ್ಯದಲ್ಲಿ ಗಮನಿಸಬೇಕಾದ್ದು: ಪೆಂಗ್ವಿನ್ ಬಹಳ ಸಲ ಮೀನಿಗಿಂತ ಕೆಳಗೆ ಇಳಿದು, ಅಲ್ಲಿಂದ ಮೇಲಕ್ಕೆ ನುಗ್ಗುತ್ತೆ. ಮೇಲಿನ ಬೆಳಕಿಗೆ ಎದುರಾಗಿ ಮೀನಿನ ಆಕಾರ ಕಪ್ಪಗೆ ಎದ್ದು ಕಾಣುತ್ತೆ. ಮೀನಿಗೆ ಮಾತ್ರ ಕೆಳಗಿನ ಕತ್ತಲಲ್ಲಿ ಹಕ್ಕಿಯ ಕಪ್ಪು ಬೆನ್ನು ಕಾಣೋದು ಕಷ್ಟ.

ಕಡಲಂಚು:

ಇಬ್ಬರಿಗೂ ಧನ್ಯವಾದ. "ಚುಚ್ಚಿ" ತೆಗೆದೆ. ನೀರುಕಾಗೆಯ ಒಂದು ದೃಶ್ಯವೂ ಇದೆ, ಬಂಡೆ ಮೇಲೆ ರೆಕ್ಕೆ ಹರವಿ ನಿಂತಿದ್ದು. "ಎಣ್ಣೆಗ್ರಂಥಿ ಇಲ್ಲದ್ದರಿಂದ ಪುಕ್ಕ ಪೂರ್ತಿ ನೆನೆಯುತ್ತೆ" ಅಂತ ಹಾಕಿದ್ದೇನೆ. ಕಣ್ಣಿನ ಪ್ರಶ್ನೆ ಇನ್ನೂ ಉಳಿದಿದೆ.

ಜಾಲಪಾದ:

ಎಣ್ಣೆಗ್ರಂಥಿ ಇದೆ. ಈ ತಪ್ಪು ಎಲ್ಲ ಕಡೆ ಹಬ್ಬಿದೆ. ಕಾರಣ ಗರಿಯ ರಚನೆಯಲ್ಲಿದೆ: ಪ್ರತಿ ಮೈಗರಿಯ ಹೊರಅಂಚು ಸಡಿಲ, ನೀರು ಹೀರುತ್ತೆ. ನಡುಭಾಗ ಬಿಗಿ, ನೀರು ಒಳಗೆ ಬಿಡಲ್ಲ. ಹೊರಪದರ ನೆನೆದು ತೇಲುವಿಕೆ ಇಳಿಯುತ್ತೆ, ಚರ್ಮಕ್ಕೆ ಅಂಟಿದ ತೆಳುವಾದ ಗಾಳಿಪದರ ಮಾತ್ರ ಉಳಿದು ಮೈ ಬೆಚ್ಚಗಿರುತ್ತೆ. ಪೂರ್ತಿ ನೆನೆದಿದ್ದರೆ ತಣ್ಣೀರಲ್ಲಿ ಬದುಕೋದೇ ಆಗ್ತಿರಲಿಲ್ಲ. ಗ್ರೀನ್‌ಲ್ಯಾಂಡಿನ ಚಳಿಗಾಲದಲ್ಲೂ ದೊಡ್ಡ ನೀರುಕಾಗೆಗಳು ಮೀನು ಹಿಡಿಯುತ್ತವೆ. ರೆಕ್ಕೆ ಹರವೋದು ಆ ಹೊರಪದರವನ್ನು ಒಣಗಿಸೋಕೆ.

ಇದು ರೆಕ್ಕೆ ಬಡಿದು ಈಜುವ ಹಕ್ಕಿಯಲ್ಲ. ರೆಕ್ಕೆ ಮೈಗೆ ಬಿಗಿಯಾಗಿ ಮಡಚಿರುತ್ತೆ, ನಾಲ್ಕೂ ಬೆರಳು ಜಾಲದಿಂದ ಕೂಡಿದ ಎರಡು ಪಾದಗಳನ್ನೂ ಒಟ್ಟಿಗೇ ಒದೆಯುತ್ತೆ. ಗಟ್ಟಿ ಬಾಲ ಚುಕ್ಕಾಣಿ. ಬಂಡೆಸಂದಿ, ಪಾಚಿ, ತಳದ ಮರಳಿನ ಹತ್ತಿರ ಮೀನನ್ನು ಎಬ್ಬಿಸಿ, ಮಡಚಿದ ಕತ್ತನ್ನು ಒಮ್ಮೆಲೇ ಚಾಚಿ ಕಚ್ಚುತ್ತೆ, ಕೊಕ್ಕಿನ ಕೊಂಡಿ ಮೀನನ್ನು ಬಿಡಲ್ಲ. ದೊಡ್ಡ ಮೀನಾದರೆ ಮೇಲೆ ತಂದು, ಗಾಳಿಗೆ ಎಸೆದು ತಲೆ ಮೊದಲಾಗುವಂತೆ ತಿರುಗಿಸಿ ನುಂಗುತ್ತೆ. ಬಾಲದ ಕಡೆಯಿಂದ ನುಂಗಿದರೆ ಈಜುರೆಕ್ಕೆಯ ಮುಳ್ಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ರೆಕ್ಕೆಪುಕ್ಕ:

ಕಣ್ಣಿಗೆ ಬರ್ತೀನಿ. ಗಾಳಿಯಲ್ಲಿ ಬೆಳಕನ್ನು ಹೆಚ್ಚಿನ ಪಾಲು ಬಗ್ಗಿಸೋದು ಮಸೂರ ಅಲ್ಲ, ಕಣ್ಣಿನ ಹೊರಗಿನ ಪಾರದರ್ಶಕ ಪೊರೆ, ಕಾರ್ನಿಯಾ. ಕಾರ್ನಿಯಾದ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತೆ ಅನ್ನೋ ಅಳತೆ) 1.37ರ ಹತ್ತಿರ, ನೀರಿನದು 1.33. ನೀರಿಗಿಳಿದ ಕೂಡಲೇ ವ್ಯತ್ಯಾಸವೇ ಉಳಿಯಲ್ಲ, ಕಾರ್ನಿಯಾ ಕೆಲಸ ನಿಲ್ಲಿಸಿದಂತೆ. ನಮಗೆ ಮಸುಕಾಗೋದು ಅದಕ್ಕೆ. ಪೆಂಗ್ವಿನ್‌ನ ಕಾರ್ನಿಯಾ ಮೊದಲೇ ಚಪ್ಪಟೆ, ಕಳಕೊಳ್ಳೋದು ಕಡಿಮೆ. ನೀರುಕಾಗೆ ಮೆತ್ತನೆ ಮಸೂರವನ್ನು ಕಣ್ಣಿನ ಪಾಪೆಯ ಸ್ನಾಯುವಿನಿಂದ ಹಿಂಡಿ ಮುಂಭಾಗ ಉಬ್ಬಿಸುತ್ತೆ, ಕಳೆದುಕೊಂಡ ಶಕ್ತಿ ಅಲ್ಲಿಂದ ಬರುತ್ತೆ. ಗ್ಯಾನೆಟ್ ನೀರು ಹೊಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದೃಷ್ಟಿ ಹೊಂದಿಸಿಕೊಳ್ಳುತ್ತೆ ಅಂತ 2012ರಲ್ಲಿ ತಿಳಿದುಬಂತು. ಬಿದ್ದ ಮೇಲೂ ಬೆನ್ನಟ್ಟೋಕೆ ಆಗೋದು ಇದರಿಂದ.

ಆದರೂ ಹದ್ದಿನ ಕಣ್ಣು ಅಂತ ಬಣ್ಣಿಸಬೇಡಿ. ದೊಡ್ಡ ನೀರುಕಾಗೆಯ ನೀರೊಳಗಿನ ದೃಷ್ಟಿ ಅಳೆದಾಗ ಅದು ನೀರೊಳಗೆ ಬರಿಗಣ್ಣು ಬಿಟ್ಟ ಮನುಷ್ಯನಿಗಿಂತ ಹೆಚ್ಚೇನೂ ಇರಲಿಲ್ಲ. ಸಣ್ಣ ಮೀನು ಅದಕ್ಕೆ ಸ್ಪಷ್ಟವಾಗೋದು ಒಂದು ಮೀಟರಿನೊಳಗೆ ಬಂದಾಗಲೇ. ಜಾಲಪಾದ ಅವರು ಹೇಳಿದ "ಎಬ್ಬಿಸಿ ಕಚ್ಚೋದು" ಇದಕ್ಕೇ ಹೊಂದುತ್ತೆ.

ಮೇಲಿಂದ ನೋಡುವ ಹಕ್ಕಿಗೆ ಬೇರೆ ತೊಂದರೆ. ನೇರ ಮೇಲಿಂದ ನೋಡಿದರೆ ಒಂದು ಮೀಟರ್ ಆಳದ ಮೀನು 75 ಸೆಂ.ಮೀ. ಆಳದಲ್ಲಿದ್ದಂತೆ ಕಾಣುತ್ತೆ, ಆದರೆ ದಿಕ್ಕು ತಪ್ಪಲ್ಲ. ಓರೆಯಾಗಿ ನೋಡಿದರೆ ದಿಕ್ಕೂ ತಪ್ಪುತ್ತೆ. ರೀವ (ಟರ್ನ್), ಗ್ಯಾನೆಟ್‌ಗಳು ಆದಷ್ಟು ನೆಟ್ಟಗೆ ಬೀಳೋದರಲ್ಲಿ ಈ ಲಾಭವೂ ಇದೆ. ಗಾಳಿಗೆ ನೀರು ಕದಡಿ ಅಲೆಯ ಹೊಳಪು ಹೆಚ್ಚಾದ ದಿನ ಏನಾಗುತ್ತೆ ಅಂತ ಊಹಿಸಬಹುದು.

ಬಿಳಿಗೊಕ್ಕು:

ಎರಡು ಸಣ್ಣ ಸೇರ್ಪಡೆ. ಹೆಜ್ಜಾರ್ಲೆಗಳಲ್ಲಿ ಮೇಲಿಂದ ಧುಮುಕೋದು ಅಮೆರಿಕ ಖಂಡಗಳ ಕಂದು ಹೆಜ್ಜಾರ್ಲೆ ಮತ್ತು ಪೆರುವಿನ ಹೆಜ್ಜಾರ್ಲೆ ಮಾತ್ರ. ಉಳಿದವು ತೇಲುತ್ತಲೇ ಮೊಗೆಯುತ್ತವೆ. ಧುಮುಕಿದ ಮೇಲೆ ಚೀಲದಲ್ಲಿ 10 ಲೀಟರಿನಷ್ಟು ನೀರು ತುಂಬಿರುತ್ತೆ. ಕೊಕ್ಕು ಕೆಳಗೆ ಮಾಡಿ ಅದನ್ನು ಬಸಿಯೋ ತನಕ ನುಂಗೋಕಾಗಲ್ಲ, ಅಷ್ಟರಲ್ಲೇ ಕಡಲಕಾಗೆಗಳು (ಗಲ್) ಬಂದು ಕದಿಯುತ್ತವೆ.

ಪಫಿನ್ ಅನ್ನೋ ಸಣ್ಣ ಕಡಲಹಕ್ಕಿ ಒಂದೇ ಸುತ್ತಿಗೆ ಹತ್ತು ಮೀನು ಅಡ್ಡಡ್ಡ ಹಿಡಿದು ತರೋದು ಮರಿಗಾಗಿ. ಹಿಡಿದ ಮೀನನ್ನು ಒರಟು ನಾಲಿಗೆಯಿಂದ ಅಂಗುಳಿನ ಹಿಂಬಾಗಿದ ಮುಳ್ಳುಗಳಿಗೆ ಒತ್ತಿ ಹಿಡಿಯುತ್ತೆ, ಹಾಗಾಗಿ ಮುಂದಿನ ಮೀನಿಗೆ ಬಾಯಿ ತೆರೆದರೂ ಹಿಂದಿನವು ಜಾರಲ್ಲ.

ಕಡಲಂಚು:

ಇನ್ನೊಂದು ಅನುಮಾನ. ಕೆಲವು ದೃಶ್ಯಗಳಲ್ಲಿ ನೀರೊಳಗಿನ ಭಾಗ ಇಲ್ಲ, ಮೇಲಿಂದ ತೆಗೆದದ್ದಷ್ಟೇ. ಒಳಗೆ ಏನಾಯಿತು ಅಂತ ಹೇಳೋಕೆ ದಾರಿ ಇದೆಯಾ? ಇದರಲ್ಲಿ ಎಡವೋದು, ಸಾಯೋದು ಯಾವಾಗ ಅಂತಲೂ ಒಂದು ಮಾತು ಬೇಕಿತ್ತು.

ಆಳನೀರು:

ಸೆಕೆಂಡ್ ಎಣಿಸಿ. ಗ್ಯಾನೆಟ್ ಐದಾರು ಸೆಕೆಂಡಿನೊಳಗೆ ಬಿದ್ದ ಜಾಗದ ಹತ್ತಿರವೇ ಮೇಲೆ ಚಿಮ್ಮಿದರೆ ಬಿದ್ದ ಬಿರುಸಲ್ಲೇ ಮುಗಿಸಿದೆ. ಹತ್ತು ಸೆಕೆಂಡ್ ಮೀರಿದರೆ ರೆಕ್ಕೆ ಬಡಿದು ಬೆನ್ನಟ್ಟಿದೆ ಅನ್ನಬಹುದು. ನೀರುಕಾಗೆ, ಗಿಲ್ಲೆಮಾಟ್ ಮುಳುಗಿದ ಜಾಗದಲ್ಲಿ ಕ್ಯಾಮೆರಾ ನೆಟ್ಟು ಕೂತರೆ ಆಗಲ್ಲ, ಬೇರೆಲ್ಲೋ ಏಳುತ್ತವೆ. ಮುಳುಗಿನ ನಡುವೆ ಮೇಲ್ಮೈಯಲ್ಲಿ ಹೆಚ್ಚು ಹೊತ್ತು ನಿಂತರೆ ಹಿಂದಿನ ಮುಳುಗು ಉದ್ದವಿತ್ತು ಅಂತ ಅರ್ಥ.

ಎಡವೋದರ ಬಗ್ಗೆ: ಮೀನಿನ ಹಿಂಡಿನ ಮೇಲೆ ನೂರಾರು ಗ್ಯಾನೆಟ್ ಒಟ್ಟಿಗೆ ಬೀಳುವಾಗ ಒಂದಕ್ಕೊಂದು ಡಿಕ್ಕಿಯಾಗಿ ಗಾಯಗೊಂಡದ್ದು, ಸತ್ತದ್ದು ಉಂಟು. ಪುಕ್ಕಕ್ಕೆ ತೈಲ ಮೆತ್ತಿಕೊಂಡರೆ ಗಾಳಿಪದರ ಹೋಗಿ ಹಕ್ಕಿ ಚಳಿಗೇ ಸಾಯುತ್ತೆ. ಪೆಂಗ್ವಿನ್ ಪುಕ್ಕ ಉದುರಿಸೋ ವಾರಗಳಲ್ಲಿ ನೀರಿಗೆ ಇಳಿಯೋದೇ ಇಲ್ಲ, ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತೆ. ಎಲ್ಲಕ್ಕಿಂತ ದೊಡ್ಡದು ಗಿಲ್‌ನೆಟ್. ತೆಳು ನೈಲಾನ್ ದಾರ ನೀರೊಳಗೆ ಕಾಣಲ್ಲ, ಮೀನಿನ ಹಿಂದೆ ಓಡುವ ಹಕ್ಕಿ ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರೋಕಾಗಲ್ಲ. ವರ್ಷಕ್ಕೆ ಕನಿಷ್ಠ 4 ಲಕ್ಷ ಹಕ್ಕಿಗಳು ಹೀಗೆ ಸಾಯುತ್ತವೆ ಅಂತ 2013ರ ಜಾಗತಿಕ ಅಂದಾಜು. ಆ ಸಾಲಿನಲ್ಲಿ ಮೇಲಿಂದ ಬೀಳುವವಕ್ಕಿಂತ ಬೆನ್ನಟ್ಟಿ ಈಜುವವೇ ಜಾಸ್ತಿ, ಅವು ಬಲೆಯ ಆಳದಲ್ಲೇ ಹೆಚ್ಚು ಹೊತ್ತು ಇರೋದರಿಂದ.