ಅಆಇಈ ಒಪ್ಪಿಸುವ ಮಗಳಿಗೆ ‘ಸರ’ ಓದಲು ಬರುತ್ತಿಲ್ಲ

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಪಟದಲ್ಲಿ ತ್ರಿಕೋನ ಗುರುತಿಸುತ್ತಾಳೆ, ತಲೆಕೆಳಗಾಗಿಸಿದರೆ ಸುಮ್ಮನಾಗುತ್ತಾಳೆ. ಅಆಇಈ ಬಾಯಿಪಾಠವಾಗಿದೆ, ‘ಸರ’ ಮಾತ್ರ ಓದಲಾರಳು. ಎಲ್ಲಿಂದ ಶುರು ಮಾಡಲಿ?

ಅಂಗನವಾಡಿ ಕಾರ್ಯಕರ್ತೆ: ಪಟ ಬದಿಗಿಡಿ ತಾಯಿ. ಮೂರು ಪೊರಕೆಕಡ್ಡಿ ಕೊಟ್ಟು ತ್ರಿಕೋನ ಜೋಡಿಸಲು ಹೇಳಿ, ಮೂಲೆಗಳನ್ನು ಬೆರಳಿಟ್ಟು ಎಣಿಸಲಿ. ಆಮೇಲೆ ನೀವು ‘ಅದರ ಸುತ್ತ ಬಾ’ ಎಂದರೆ ಸಾಕು, ಅವಳೇ ಓಡುತ್ತಾಳೆ. ಎಲ್ಲಿಂದ ನೋಡಿದರೂ ಮೂರೇ ಮೂಲೆ! ಅಕ್ಷರಕ್ಕೆ ನಲಿಕಲಿಯ, ಅಂದರೆ ಸರ್ಕಾರಿ ಶಾಲೆಗಳಲ್ಲಿ ಆಟವಾಡುತ್ತ ಕಲಿಸುವ ಪದ್ಧತಿಯ, ದಾರಿ ನನಗೆ ಬಲು ಇಷ್ಟ: ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಸರ, ರಸ, ಅಗಸ, ಅರಸ, ಗರಗಸ ಹುಟ್ಟುತ್ತವೆ. ವರ್ಣಮಾಲೆ ಮುಗಿಯುವವರೆಗೆ ಮಗುವನ್ನು ಕಾಯಿಸಬೇಡಿ.

ಒಬ್ಬ ಅಜ್ಜ: ಬರೆಸಲು ಅವಸರ ಬೇಡ. ತಟ್ಟೆಯಲ್ಲಿ ಮರಳು ಹರಡಿ, ಬೆರಳಿನಿಂದ ತಿದ್ದಲಿ.

ಪ್ರಶ್ನೆ ಕೇಳಿದವರು: ಮರಳಿರಲಿಲ್ಲ, ರಾಗಿಹಿಟ್ಟು ಹರಡಿದೆ. ‘ಸ’ ತಿದ್ದಿ, ಪಕ್ಕದಲ್ಲಿ ‘ರ’ ತಿದ್ದಿ, ಹಿಟ್ಟಿನ ಕೈಯಲ್ಲೇ ನನ್ನ ಕೊರಳ ಸರ ಹಿಡಿದಳು.